ಒಂದು ಪಂಪ್ ಕಡಿಮೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನ ನೀರು ಸರಬರಾಜಿನ ಯೋಜನಾ ವಿಭಾಗದಲ್ಲಿ ಎಕ್ಸಿಕ್ಯೂಟಿವ್ ಎಂಜಿನಿಯರ್ ಆಗಿದ್ದೆ. ಕಾವೇರಿಯಿಂದ ನಗರಕ್ಕೆ ಇನ್ನೊಂದು ದೊಡ್ಡ ಕೊಳವೆಮಾರ್ಗ ತರುವ ಸಿದ್ಧತೆ ನಡೆದಿತ್ತು. ಅದರಲ್ಲಿ ಎಷ್ಟು ನೀರು ಹರಿಯಬೇಕು, ಆ ನೀರನ್ನು ಎತ್ತಲು ಎಷ್ಟು ವಿದ್ಯುತ್ ಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ.

ಬೆಂಗಳೂರಿಗೆ ನೀರು ತಾನಾಗಿ ಹರಿದು ಬರುವುದಿಲ್ಲ. ನದಿ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಬಹಳ ತಗ್ಗಿನಲ್ಲಿದೆ. ದಾರಿಯಲ್ಲಿ ಅಲ್ಲಲ್ಲಿ ಪಂಪಿಂಗ್ ಸ್ಟೇಷನ್ ಕಟ್ಟಿ ಮೇಲೆತ್ತಬೇಕು. ಕರೆಂಟ್ ಹೋದರೆ, ಏರುತ್ತಿದ್ದ ನೀರು ಹಿಂದಕ್ಕೆ ನುಗ್ಗಿ ಪೈಪನ್ನೇ ಒಡೆಯಬಹುದು. ಸ್ವಲ್ಪ ಹೊತ್ತು ನಿಂತರೂ ಮತ್ತೆ ಹದಕ್ಕೆ ತರಲು ಹಲವು ಗಂಟೆ ಬೇಕು. ಅದಕ್ಕೇ ಜೊತೆಯ ಎಲೆಕ್ಟ್ರಿಕಲ್ ಎಂಜಿನಿಯರ್ ವಿಮಲಾ, ಬೇರೆ ಬೇರೆ ಸಬ್‌ಸ್ಟೇಷನ್‌ಗಳಿಂದ ಎರಡು ವಿದ್ಯುತ್ ಲೈನ್ ಬೇಕೇ ಬೇಕೆಂದು ಹಠ ಹಿಡಿದಿದ್ದರು.

ಆಗ ನಮ್ಮ ಮನೆ ಎನ್.ಆರ್. ಕಾಲೋನಿಯಲ್ಲಿ. ಮಹಡಿಯ ಮೇಲೆ ನಿವೃತ್ತ ಶಿಕ್ಷಕಿ ಪಾರ್ವತಮ್ಮ, ಹಾಸಿಗೆ ಹಿಡಿದ ತಮ್ಮ ಅಕ್ಕನ ಜೊತೆ ಇದ್ದರು. ದಿನ ಬಿಟ್ಟು ದಿನ ಬರುವ ನೀರು ಅವರ ನಲ್ಲಿಯವರೆಗೆ ಏರುತ್ತಿರಲಿಲ್ಲ. ಕೆಳಗೆ ಹಿಡಿದು, ಕೊಡದಲ್ಲಿ ಹೊತ್ತು ಹತ್ತುತ್ತಿದ್ದರು.

“ಹೊಸ ಪೈಪ್ ಬಂದ್ಮೇಲಾದ್ರೂ ನಮ್ಮ ನಲ್ಲೀಲಿ ನೀರು ಬರತ್ತೇನ್ರಿ?” ಎಂದು ಒಮ್ಮೆ ಕೇಳಿದರು.

“ಬರತ್ತೆ ಮೇಡಂ,” ಎಂದೆ. ಆಗಿನ ಲೆಕ್ಕ ಹಾಗೇ ಹೇಳುತ್ತಿತ್ತು.

ಕೆಲವು ತಿಂಗಳಲ್ಲಿ ಯೋಜನೆಯ ಅನುದಾನಕ್ಕೆ ಕತ್ತರಿ ಬಿತ್ತು. ಚೀಫ್ ಎಂಜಿನಿಯರ್ ನಮ್ಮಿಬ್ಬರನ್ನೂ ಕರೆದು, “ಪೈಪ್ ಸಣ್ಣದು ಮಾಡಿ, ಇಲ್ಲ ಎರಡನೇ ಲೈನ್ ಬಿಟ್ಬಿಡಿ. ನೀರು ಮಾತ್ರ ಕಡಿಮೆ ಆಗ್ಬಾರ್ದು,” ಎಂದರು.

ಸಣ್ಣ ಪೈಪಿನಲ್ಲಿ ಅಷ್ಟೇ ನೀರು ತಳ್ಳಿದರೆ ಘರ್ಷಣೆ ಹೆಚ್ಚುತ್ತದೆ. ಆ ಪೈಪು ಇರುವಷ್ಟು ಕಾಲವೂ ವಿದ್ಯುತ್ ಹೆಚ್ಚು ಬೇಕು. ಎರಡನೇ ಲೈನ್ ಬಿಡಲು ವಿಮಲಾ ಒಪ್ಪಲಿಲ್ಲ. ವಾರಗಟ್ಟಲೆ ಹಿಂದೆ ಮುಂದೆ ನೋಡಿ, ಕೊನೆಗೆ ನಾನೇ ಹೇಳಿದೆ:

“ಹೂತ ಪೈಪನ್ನ ಆಮೇಲೆ ದೊಡ್ಡದು ಮಾಡಕ್ಕಾಗಲ್ಲ ಸಾರ್. ಪಂಪ್ ಆದ್ರೆ ಸೇರಿಸ್ಬಹುದು. ಸದ್ಯಕ್ಕೆ ಪ್ರತಿ ಸ್ಟೇಷನ್‌ನಲ್ಲೂ ಒಂದೊಂದು ಪಂಪ್ ಕಡಿಮೆ ಮಾಡೋಣ.”

“ಅಂದ್ರೆ ನೀರೂ ಕಡಿಮೆ.”

“ಹೌದು ಸಾರ್. ಆದ್ರೆ ಬರೋ ಅಷ್ಟು ನಿಲ್ಲದೆ ಬರತ್ತೆ.”

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಜನಕ್ಕೆ ಯಾರ್ರೀ ಹೇಳೋದು?”

ಜನಕ್ಕೆ ಹೇಳುವ ಅಧಿಕಾರ ನನಗಿರಲಿಲ್ಲ. ಪಾರ್ವತಮ್ಮನವರಿಗೆ ಹೇಳಬಹುದಿತ್ತು. ಯೋಜನೆಗೆ ಒಪ್ಪಿಗೆ ಸಿಕ್ಕ ವಾರ ಮಹಡಿ ಹತ್ತಿ ಹೋದೆ. ಅವರು ಅಕ್ಕನಿಗೆ ಗಂಜಿ ಕುಡಿಸುತ್ತಿದ್ದರು. ಪಂಪ್ ಕಡಿಮೆ ಮಾಡಿದ್ದನ್ನೂ, ಹೊಸ ಪೈಪ್ ಬಂದರೂ ನೀರು ಮಹಡಿಗೆ ಏರುವುದಿಲ್ಲ ಎಂಬುದನ್ನೂ ಹೇಳಿದೆ. ಎಲ್ಲವನ್ನೂ ಕೇಳಿ, “ಹಾಗಾದ್ರೆ ನಮ್ಮ ಪಾಲಿನ ನೀರನ್ನ ಕಡಿಮೆ ಮಾಡಿದ್ದು ನೀವೇ ಅನ್ನಿ,” ಎಂದರು.

“ನಾನೇ ಮೇಡಂ.”

“ಸರಿ. ಕಾಯೋದು ಬೇಡ ಅಂತ ಗೊತ್ತಾಯ್ತಲ್ಲ,” ಎಂದು ಅಕ್ಕನ ಬಾಯಿ ಒರೆಸಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮುಂದಿನ ಬೇಸಗೆಗೆ ಮುಂಚೆ ವೈಯಾಲಿಕಾವಲ್‌ನಲ್ಲಿ ನೆಲಮಟ್ಟದ ಮನೆ ಹುಡುಕಿಕೊಂಡು ಹೊರಟುಹೋದರು.

ಮಾರ್ಗ ಶುರುವಾದ ಮೇಲೆ, ಒಂದು ಬೇಸಗೆಯ ಸಂಜೆ ಬಿರುಗಾಳಿಗೆ ವಿದ್ಯುತ್ ಗೋಪುರಗಳು ಉರುಳಿ ಒಂದು ಲೈನ್ ಕಡಿದುಹೋಯಿತು. ಅದರ ರಿಪೇರಿಗೆ ದಿನಗಳೇ ಹಿಡಿದವು. ಅಷ್ಟೂ ದಿನ ಎರಡನೇ ಲೈನ್ ಪಂಪ್‌ಗಳನ್ನು ನಡೆಸಿತು. ಊರಿಗೆ ವಿಷಯವೇ ಗೊತ್ತಾಗಲಿಲ್ಲ. ಅದೇ ವಾರ ನೀರು ಸಾಲದೆಂದು ಕೆಲವು ಹೆಂಗಸರು ಖಾಲಿ ಕೊಡ ಹಿಡಿದು ಕಚೇರಿಯ ಮುಂದೆ ಕೂತಿದ್ದರು. ಅವರ ಮಾತೂ ನಿಜವೇ.

ಕಿಟಕಿಯಿಂದ ನೋಡುತ್ತ ವಿಮಲಾ, “ನೀರು ನಿಂತೇ ಹೋಗಿದ್ರೆ ಇನ್ನೂ ಜಾಸ್ತಿ ಜನ ಬರ್ತಿದ್ರು, ಅಷ್ಟೇ,” ಎಂದರು. ಇಬ್ಬರಿಗೂ ಸಾಕುಸಾಕಾಗಿತ್ತು.

ಬಿಟ್ಟ ಪಂಪ್‌ಗಳು ಬಂದದ್ದು ನನ್ನ ನಿವೃತ್ತಿಯ ಹೊತ್ತಿಗೆ. ಈಗ ಆ ಮಹಡಿಯ ಮನೆಗೆ ನೀರು ಏರುತ್ತದೆ. ಅಲ್ಲಿರುವುದು ಬೇರೆ ಸಂಸಾರ.

ಸಾಕಾಗದ ನೀರನ್ನು ಹಂಚುವಾಗ ಸರಿಯಾದ ಲೆಕ್ಕದ ಭಾರವೂ ಯಾರದಾದರೂ ಬೆನ್ನ ಮೇಲೆ ಬಿದ್ದೇ ಬೀಳುತ್ತದೆ. ಯಾರ ಬೆನ್ನು ಎಂದು ತಿಳಿದುಕೊಂಡು, ಅವರ ಎದುರು ನಿಂತು ಹೇಳುವುದನ್ನು ಈ ಕೆಲಸ ನನಗೆ ಕಲಿಸಿತು. ಹಾಗೆ ಹೇಳಿದ್ದರಿಂದ ಯಾರಿಗೂ ಒಂದು ಕೊಡ ನೀರೂ ಹೆಚ್ಚು ಸಿಕ್ಕಿಲ್ಲ.