ಗೇಟಿನಾಚೆ ಕೂತ ಅಮ್ಮನವರು

ಬೇಲದ ಹಣ್ಣನ್ನು ಅಮ್ಮನವರು ಒರಳಿನ ಅಂಚಿಗೆ ಒಂದೇ ಏಟು ಹೊಡೆದು ಒಡೆಯುತ್ತಿದ್ದರು. ಒಂದೇಟಿಗೆ ಒಡೆಯದಿದ್ದರೆ ಹಣ್ಣಿಗೇ ಬೈಗುಳ. ಕಂದು ತಿರುಳು ಮೊಣಕೈವರೆಗೆ ಮೆತ್ತಿರುತ್ತಿತ್ತು, ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿರುತ್ತಿತ್ತು, ಕಾವಿ ಸೀರೆಯ ಸೆರಗು ಸೊಂಟಕ್ಕೆ ಬಿಗಿದಿರುತ್ತಿತ್ತು. ನಾನು ಅವರನ್ನು ಮೊದಲು ನೋಡಿದ್ದು ಹಾಗೆಯೇ. ಯಾರ ಮೇಲೋ ಜಗಳಕ್ಕೆ ಹೊರಟವರಂತೆ ಕಂಡಿದ್ದರು. ನನ್ನ ಊಹೆ ಅಷ್ಟೇನೂ ತಪ್ಪಾಗಿರಲಿಲ್ಲ.

ಶ್ರೀನಗರ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ ಅವರ ಮಠ. ಮಠವೆಂದರೆ ದೊಡ್ಡದೇನಲ್ಲ, ಹಳೆಯ ಹೆಂಚಿನ ಮನೆ, ಮೂವರು ಸನ್ಯಾಸಿನಿಯರು, ಹಿತ್ತಲಲ್ಲಿ ಒಂದು ಅಡುಗೆಮನೆ. ಹಿರಿಯರಾದ ಅಮ್ಮನವರದೇ ಅಲ್ಲಿ ಆಡಳಿತ. ರಾತ್ರಿ ನೆನೆಹಾಕಿ ಹುಳಿ ಬರಿಸಿದ ರಾಗಿ ಹಿಟ್ಟನ್ನು ಬೆಳಿಗ್ಗೆ ಕಾಯಿಸಿ, ಮಜ್ಜಿಗೆ ಬೆರೆಸಿ, ಜೀರಿಗೆ ಕುಟ್ಟಿ ಹಾಕಿ ಅಂಬಲಿ ಮಾಡುತ್ತಿದ್ದರು. ಸೋಮವಾರ ಗೋಧಿ ಹುಗ್ಗಿ. ಬಿಸಿಲು ಏರತೊಡಗಿದರೆ ಬೇಲದ ಪಾನಕ. ಯಾರು ಬಂದರೂ ಕೊಡುವುದು, ಎಲ್ಲಿಂದ ಬಂದೆ ಎಂದು ಕೇಳದಿರುವುದು ಮಠದ ಪದ್ಧತಿ.

ಮದುವೆಯಾಗಿ ವಿಜಯಪುರದ ಕಡೆಯಿಂದ ಬಂದು, ಮಠದ ಎದುರಿನ ಬಾಡಿಗೆ ಮನೆಯಲ್ಲಿದ್ದೆ. ಬಸುರಿ. ನೀರು ಕುಡಿದರೂ ವಾಂತಿ. ಒಂದು ದಿನ ಗೇಟಿನ ಹತ್ತಿರ ಕುಸಿದು ಕೂತವಳನ್ನು ಅಮ್ಮನವರು ತೋಳು ಹಿಡಿದು ಒಳಗೆ ಕರೆದೊಯ್ದು ಅಂಬಲಿಯ ಲೋಟ ಕೈಗಿತ್ತರು.

"ಬ್ಯಾಡ್ರಿ ಅಮ್ಮಾರ, ನಿಲ್ಲಂಗಿಲ್ಲ" ಅಂದೆ.

"ನಿಲ್ಲದೆ ಎಲ್ಲೋಗುತ್ತೆ? ಗುಟುಕು ಗುಟುಕಾಗಿ ಕುಡಿ. ವಾಂತಿ ಆದ್ರೆ ಇನ್ನೊಂದು ಲೋಟ ಕೊಡ್ತೀನಿ. ಯಾರು ಸೋಲ್ತಾರೆ ನೋಡೋಣ."

ನಿಂತಿತು. ಮರುದಿನವೂ ಹೋದೆ. ನಮ್ಮ ಕಡೆ ಜೋಳದ ಅಂಬಲಿ ಮಾಡುತ್ತೇವೆ ಎಂದು ಬಾಯಿ ತಪ್ಪಿ ಹೇಳಿದ್ದಕ್ಕೆ, "ನಾಳೆ ಬಂದು ಮಾಡು, ಎಲ್ಲರಿಗೂ ಬಡಿಸೋಣ" ಎಂದು ಒಲೆಯ ಮುಂದೆ ನಿಲ್ಲಿಸಿಯೇ ಬಿಟ್ಟರು. ಈ ಊರಿನಲ್ಲಿ ನನ್ನ ಕೈಯಡುಗೆಯನ್ನು ಚಪ್ಪರಿಸಿ ತಿಂದ ಮೊದಲ ಹೊರಗಿನವರು ರಸ್ತೆ ಗುಡಿಸುವ ಪೌರಕಾರ್ಮಿಕ ಹೆಂಗಸರು. ಕೆಲಸ ಮುಗಿಸಿ ದಿನಾ ಮಠಕ್ಕೆ ಬಂದು, ಎಲ್ಲರೊಂದಿಗೆ ಸಾಲಿನಲ್ಲಿ ಕೂತು, ಸ್ಟೀಲ್ ಲೋಟದಲ್ಲಿ ಅಂಬಲಿ ಕುಡಿದು ಹೋಗುತ್ತಿದ್ದರು. ಅವರಲ್ಲಿ ಮುನಿಯಮ್ಮ ಎಂಬವಳು ಅಮ್ಮನವರಿಗೇ ಎದುರು ಮಾತಾಡುವಷ್ಟು ಗಟ್ಟಿಗಿತ್ತಿ. "ಉಪ್ಪು ಕಮ್ಮಿ ಅಮ್ಮೋರೇ" ಎನ್ನುವಳು. "ನಾಲಿಗೆ ಜಾಸ್ತಿ ನಿಂಗೆ" ಎನ್ನುತ್ತಲೇ ಇವರು ಉಪ್ಪು ತರುವರು.

ಕೆಲವು ವರ್ಷಗಳ ನಂತರ ಹೆಂಚಿನ ಮನೆಯ ಪಕ್ಕ ಹೊಸ ದಾಸೋಹ ಮಂಟಪ ಎದ್ದಿತು. ಗ್ರಾನೈಟ್ ನೆಲ, ಸಾಲು ಫ್ಯಾನು, ಗೋಡೆಯ ತುಂಬ ದಾನಿಗಳ ಹೆಸರು. ಅದರ ಜೊತೆಗೇ ಮಠದ ಸಮಿತಿಯಿಂದ ಒಂದು ಅಪ್ಪಣೆಯೂ ಬಂತು: ಪೌರಕಾರ್ಮಿಕರಿಗೆ ಇನ್ನು ಮೇಲೆ ಗೇಟಿನಲ್ಲಿಯೇ, ಕಾಗದದ ಲೋಟದಲ್ಲಿ ಕೊಡತಕ್ಕದ್ದು. ಸಮಿತಿಯ ಕಾರ್ಯದರ್ಶಿಗಳು ನಯವಾಗಿಯೇ ವಿವರಿಸಿದರು.

"ಅವರನ್ನ ಬೇಡ ಅಂತಿಲ್ಲ ಅಮ್ಮೋರೇ. ಕೆಲಸದ ಬಟ್ಟೇಲಿ ಬರ್ತಾರೆ, ಫ್ಯಾಮಿಲಿಗಳಿಗೆ ಮುಜುಗರ ಆಗುತ್ತೆ. ಅದೇ ಅಂಬಲಿ ತಾನೇ, ಆಚೆ ಕುಡಿದ್ರೇನು?"

ಅಮ್ಮನವರು ಕೈ ತೊಳೆದುಕೊಂಡರು. "ಸರಿ. ಆಚೆ ಕುಡಿದ್ರೆ ಏನೂ ಆಗಲ್ಲ ಅಂದ್ರಲ್ಲ. ಇವತ್ತಿಂದ ನಂದೂ ಆಚೆನೇ."

ಕೋಪದ ಮಾತು, ಸಂಜೆಗೆ ಇಳಿಯುತ್ತದೆ ಎಂದುಕೊಂಡೆವು. ಇಳಿಯಲಿಲ್ಲ. ಅಂದಿನಿಂದ ಅಡುಗೆ ಒಳಗೆ, ಅವರ ಊಟ ಫುಟ್‌ಪಾತಿನಲ್ಲಿ. ಮುನಿಯಮ್ಮನ ಪಕ್ಕ ಗೋಣಿಚೀಲ ಹಾಸಿಕೊಂಡು, ಕಾಗದದ ಲೋಟ ಹಿಡಿದು ಕೂರುತ್ತಿದ್ದರು. ಸ್ಕೂಟರುಗಳು ನಿಧಾನಿಸಿ ನೋಡಿಕೊಂಡು ಹೋಗುತ್ತಿದ್ದವು. ಮುನಿಯಮ್ಮನಿಗೇ ಸಂಕಟ. "ಒಳಗೋಗಿ ಅಮ್ಮೋರೇ, ನಮ್ದೇನು, ಅಭ್ಯಾಸ ಆಗೋಗಿದೆ" ಎಂದಳು.

"ನಂಗೂ ಆಗ್ಲಿ ಬಿಡು" ಎಂದರು ಅಮ್ಮನವರು.

ಶಿವರಾತ್ರಿಯ ಹಗಲು ಮಂಟಪದ ಉದ್ಘಾಟನೆ. ದಾನಿಗಳು, ಅವರ ಮನೆಯವರು, ರೇಷ್ಮೆ ಸೀರೆ, ಕ್ಯಾಮೆರಾ. ಉಪವಾಸದ ದಿನವಾದ್ದರಿಂದ ಎಲ್ಲರೂ ಕಾಯುತ್ತಿದ್ದುದು ಬೇಲದ ಪಾನಕಕ್ಕೆ. ಮಂಟಪದಲ್ಲಿ ಹೊಳೆಯುವ ಲೋಟಗಳನ್ನು ಜೋಡಿಸಿಟ್ಟಿದ್ದರು, ಪಾನಕದ ಹಂಡೆ ಮಾತ್ರ ಇರಲಿಲ್ಲ. ಅದರ ಒಂದು ಕಿವಿಯನ್ನು ಅಮ್ಮನವರು, ಇನ್ನೊಂದನ್ನು ನಾನು ಹಿಡಿದು ಆಗಲೇ ಗೇಟಿನಾಚೆಗೆ ಸಾಗಿಸಿಯಾಗಿತ್ತು. ನಮ್ಮ ಮನೆ ಮಾಲೀಕರೂ ದಾನಿಗಳ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು.

ಕಾರ್ಯದರ್ಶಿಗಳು ಓಡಿ ಬಂದರು. "ಅಮ್ಮೋರೇ, ಇವತ್ತೊಂದು ದಿನ. ಮರ್ಯಾದೆ ಪ್ರಶ್ನೆ."

"ಯಾರದ್ದು?"

ಅವರು ತಿರುಗಿ ದಾನಿಗಳ ಸಾಲಿನ ಕಡೆ ನೋಡಿದರು.

"ಪಾನಕ ಇಲ್ಲಿದೆ. ಬೇಕಾದವರು ಬರ್ಲಿ. ಕಾಗದದ ಲೋಟ ಬೇಕಾದಷ್ಟು ತರಿಸಿದ್ದೀರಲ್ಲ" ಎಂದು ಅಮ್ಮನವರು ಸೌಟು ಎತ್ತಿಕೊಂಡರು.

ಎಲ್ಲರೂ ಮನಸ್ಸು ಬದಲಿಸಿ ಬಂದರು ಎಂದು ಬರೆದರೆ ಸುಳ್ಳಾಗುತ್ತದೆ. ಹೆಚ್ಚಿನವರು ಮುಖ ಬಿಗಿದುಕೊಂಡು ಕಾರು ಹತ್ತಿದರು. ಬನಶಂಕರಿಯಿಂದ ಬಂದಿದ್ದ ವಯಸ್ಸಾದ ದಂಪತಿ ಮಾತ್ರ ಚಪ್ಪಲಿ ಬಿಟ್ಟು, ಫುಟ್‌ಪಾತಿನಲ್ಲಿ ಕೂತು ಕುಡಿದು, ಎರಡನೇ ಲೋಟಕ್ಕೆ ಕೈ ಚಾಚಿದರು. ಅವರ ಹಿಂದೆ ಇನ್ನೂ ಕೆಲವರು. ಆ ತಿಂಗಳ ಕೊನೆಗೆ ಮಾಲೀಕರು ನಮಗೆ ಮನೆ ಖಾಲಿ ಮಾಡಲು ಹೇಳಿದರು. ಜರಗನಹಳ್ಳಿಯಲ್ಲಿ ಬೇರೆ ಮನೆ ಹಿಡಿದೆವು. ದೂರವಾಯಿತು ನಿಜ, ಹಂಡೆ ಹಿಡಿದದ್ದಕ್ಕೆ ಒಂದು ದಿನವೂ ಬೇಜಾರಾಗಲಿಲ್ಲ.

ಸಮಿತಿ ಅಪ್ಪಣೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಶಿವರಾತ್ರಿಯ ಮರುದಿನ ಅಮ್ಮನವರೇ ಗೇಟು ತೆರೆದು, ಹೆಂಗಸರನ್ನೆಲ್ಲ ಗ್ರಾನೈಟ್ ನೆಲದ ಮೇಲೆ ಸಾಲಾಗಿ ಕೂರಿಸಿದರು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ, ಅಷ್ಟೇ. ಕಾರ್ಯದರ್ಶಿಗಳು ಅವರೊಡನೆ ಮಾತು ಬಿಟ್ಟರು. "ಒಳ್ಳೇದಾಯ್ತು, ಅಡುಗೆಗೆ ಟೈಮ್ ಸಿಗುತ್ತೆ" ಎಂದು ನಕ್ಕರು ಅಮ್ಮನವರು.

ಹೋದ ವರ್ಷ ಒಂದು ಬೆಳಗಿನ ಜಾವ ಅವರು ಲಿಂಗೈಕ್ಯರಾದರು. ನಾನು ಜರಗನಹಳ್ಳಿಯಿಂದ ಬಂದು ಮುಟ್ಟುವಷ್ಟರಲ್ಲಿ ಅವರನ್ನು ಮಂಟಪದ ಒಂದು ಬದಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದ್ದರು. ಗೇಟಿನಲ್ಲಿ ಮುನಿಯಮ್ಮ ಮತ್ತು ಉಳಿದ ಹೆಂಗಸರು ಅಳುತ್ತ ನಿಂತಿದ್ದರು. ಕಾರ್ಯದರ್ಶಿಗಳು ಗೇಟಿನ ಮೇಲೆ ಕೈಯಿಟ್ಟು, "ದರ್ಶನ ಮಾಡ್ಕೊಂಡು ಹೊರಡಿ. ಇವತ್ತು ಒಲೆ ಹಚ್ಚಲ್ಲ, ಸೂತಕ" ಎನ್ನುತ್ತಿದ್ದರು.

ಮಠದಲ್ಲಿ ಚಿಕ್ಕ ಅಮ್ಮನವರೆಂದು ಕರೆಯುವ ಕಿರಿಯ ಸನ್ಯಾಸಿನಿ ಅಷ್ಟು ವರ್ಷಗಳಲ್ಲಿ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರು ಹಿತ್ತಲಿನಿಂದ ಬಂದು ನಿಂತರು. ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು, "ಲಿಂಗ ಕಟ್ಟಿದವರಿಗೆ ಸೂತಕ ಎಲ್ಲಿಂದ ಬಂತು ಸಾರ್? ರಾತ್ರಿ ಹಿಟ್ಟು ನೆನೆಹಾಕೇ ಮಲಗಿದ್ರು ಅವರು. ಅದನ್ನ ಮೋರಿಗೆ ಚೆಲ್ಲಬೇಕಾ?" ಎಂದರು. ಕಾರ್ಯದರ್ಶಿಗಳ ಉತ್ತರಕ್ಕೆ ಕಾಯದೆ ನನ್ನ ಕಡೆ ತಿರುಗಿ, "ಬಾರಮ್ಮ, ತಿರುವೋಕೆ ಒಬ್ಬರು ಬೇಕು" ಎಂದರು.

ನಾನು ಅಳುತ್ತಲೇ ತಿರುವಿದೆ. ತಳ ಹಿಡಿಯಲು ಬಿಡಲಿಲ್ಲ. ಮುನಿಯಮ್ಮ ಜೀರಿಗೆ ಕುಟ್ಟಿದಳು. ಅಮ್ಮನವರ ಎದುರಿಗೇ ಸಾಲು ಹಾಕಿ ಎಲ್ಲರೂ ಕೂತರು. ಲೋಟ ತುಂಬುತ್ತ ಬಂದ ಚಿಕ್ಕ ಅಮ್ಮನವರು ಬಾಗಿಲಲ್ಲಿ ನಿಂತಿದ್ದ ಕಾರ್ಯದರ್ಶಿಗಳನ್ನು ಕಂಡು, "ನೀವೂ ಕೂತ್ಕೊಳ್ಳಿ" ಎಂದರು.

ಮುನಿಯಮ್ಮನ ಪಕ್ಕದಲ್ಲಿ ಒಂದು ಜಾಗ ಖಾಲಿ ಇತ್ತು. ಅವಳು ಸರಿಯಲಿಲ್ಲ, ಏಳಲಿಲ್ಲ. ಕಾರ್ಯದರ್ಶಿಗಳು ಪಂಚೆ ಎತ್ತಿಕೊಂಡು ಅಲ್ಲಿ ಕೂತರು.