ಹಿಂದಕ್ಕೆ ತಿರುಗದ ಪೆಡಲ್

ನನ್ನ ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಊರೆಲ್ಲ ಹೇಳುತ್ತದೆ. ಇಪ್ಪತ್ತೆರಡು ವರ್ಷ ಮನೆಮನೆಗೆ ಸೈಕಲ್ ತುಳಿದು ಹುಣ್ಣು ತೊಳೆದು ಪಟ್ಟಿ ಕಟ್ಟಿದ ನರ್ಸಿಗೆ ಸಿಟ್ಟು ಬಾರದೆ ಇನ್ನೇನು ಬರಬೇಕು? ಹೇಳುವವರು ಒಂದು ದಿನ ಆ ದಿಬ್ಬ ಹತ್ತಿ ನೋಡಲಿ.

ಬಲಮಂಡಿ ಕೈಕೊಟ್ಟ ಮೇಲೆ ಅವಳು ದಿಬ್ಬದ ಬುಡದಲ್ಲೇ ಇಳಿದು ಸೈಕಲ್ ತಳ್ಳತೊಡಗಿದಳು. ಮೇಲಿನ ಮನೆಗಳ ರೋಗಿಗಳು ಕಾಯಬೇಕಾಯಿತು. ಆಸ್ಪತ್ರೆಯ ಮೇಲ್ವಿಚಾರಕ, "ಮುಂದಿನ ತಿಂಗಳಿಂದ ಆಸ್ಪತ್ರೆ ಮೇಜಲ್ಲಿ ರೋಗಿಗಳಿಗೆ ಚೀಟಿ ಕೊಡ್ತಾ ಕೂತ್ಕೊಳ್ಳಿ" ಎಂದ. ಅಕ್ಕ ಅಂದು ಊಟ ಮಾಡಲಿಲ್ಲ.

ನಾನು ಸೈಕಲ್ ರಿಪೇರಿಯವನು. ಹಿಂದಿನ ಚಕ್ರದ ನಡುವಿನ ಗುಂಬ, ನಾವು ಹಬ್ಬು ಅನ್ನುವುದು, ಅದರ ಹೊಟ್ಟೆಯೊಳಗೇ ಗೇರ್ ಇರುವ ಜಾತಿಯೊಂದಿದೆ. ಧೂಳು ಹೊಗುವುದಿಲ್ಲ, ನಿಂತಲ್ಲೇ ಗೇರ್ ಬದಲಿಸಬಹುದು. ಮೂರು ಗೇರಿನದನ್ನು ತಂದು ಅಕ್ಕನ ಸೈಕಲ್ಲಿಗೆ ಕೂರಿಸಿದೆ. ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವಂಥದ್ದು, ಇಳಿಜಾರಿಗೆ ಒಳ್ಳೆಯದೆಂದು ನಾನೇ ಆರಿಸಿದೆ.

"ನನ್ನ ಮಂಡಿಗೆ ಹಬ್ಬ ಮಾಡ್ತೀಯೇನೋ" ಎಂದು ಅಕ್ಕ ನಕ್ಕಳು.

ಮರುದಿನವೇ ಸೈಕಲ್ ತಳ್ಳಿಕೊಂಡು ಅಂಗಡಿಗೆ ಬಂದಳು. ಮೊಣಕೈ ತರಚಿತ್ತು, ಔಷಧಿ ಡಬ್ಬ ನೆಗ್ಗಿತ್ತು.

"ನಾನು ಯಾವ ಕಾಲಲ್ಲಿ ಹೊರಡ್ತೀನಿ, ಹೇಳು."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಅವಳ ಮೇಲೇ ರೇಗಿದೆ, "ಎಲ್ಲರೂ ಹೊರಡೋ ಹಾಗೆ ಹೊರಡು" ಎಂದೆ.

"ಎಡಗಾಲಲ್ಲಿ ಕಣೋ. ಪೆಡಲ್ ಹಿಂದಕ್ಕೆ ತಿರುಗಿಸಿ ಮೇಲೆ ತಂದ್ಕೊಂಡು ಆಮೇಲೆ ತುಳೀತೀನಿ. ನಿನ್ನ ಪೆಡಲ್ ಹಿಂದಕ್ಕೆ ತಿರುಗಲ್ಲ. ಏರಲ್ಲಿ ನಿಂತವಳು ಎಡ ಪೆಡಲ್ ಮೇಲೆ ಬರದೆ ನೋವಿನ ಬಲಗಾಲಲ್ಲೇ ತುಳಿದೆ, ಬಿದ್ದೆ. ಇಷ್ಟು ವರ್ಷ ಸೈಕಲ್ ನೋಡಿದೀಯ, ಕಾಲು ನೋಡಿಲ್ಲ. ಆ ಮೇಲ್ವಿಚಾರಕ ಕೂತ್ಕೋ ಅಂದ, ನೀನು ಬೀಳು ಅಂದೆ. ನಿನ್ನ ಹಬ್ಬ ನೀನೇ ಇಟ್ಕೋ."

ಮೈಯೆಲ್ಲ ಉರಿಯಿತು. ಉರಿದದ್ದು ನನ್ನ ಮೇಲೆಯೇ ಎಂದು ತಿಳಿಯಲು ಮಧ್ಯಾಹ್ನವಾಯಿತು. ಸಗಟು ಅಂಗಡಿಗೆ ಅವಳನ್ನೇ ಕರೆದುಕೊಂಡು ಹೋದೆ. ಸ್ಟೂಲಿನ ಮೇಲೆ ಕೂತು ಒಂದೊಂದು ಹಬ್ಬನ್ನೂ ಮಡಿಲಲ್ಲಿಟ್ಟು ಅದರ ಹಲ್ಲುಚಕ್ರವನ್ನು ಹಿಂದಕ್ಕೆ ತಿರುಗಿಸಿ ನೋಡಿದಳು. ಸಲೀಸಾಗಿ ತಿರುಗಿದ ಒಂದನ್ನು ಎತ್ತಿಕೊಂಡಳು. ಅದಕ್ಕೂ ಮೂರೇ ಗೇರು. ಐದರದ್ದು ತಗೋ ಎನ್ನಲು ಬಾಯಿ ತೆರೆದೆ. ಅವಳು ನೋಡಿದಳು, ಮುಚ್ಚಿದೆ. ಸಂಜೆಯೊಳಗೆ ಚಕ್ರದ ಮೂವತ್ತಾರು ಕಡ್ಡಿ ಬಿಚ್ಚಿ ಹೊಸದಾಗಿ ಹೆಣೆದೆ.

ತಿಂಗಳ ಕೊನೆಗೆ ಮೇಲ್ವಿಚಾರಕನ ಜೀಪು ದಿಬ್ಬದ ಅರ್ಧದಲ್ಲಿ ಅವಳಿಗೆ ಅಡ್ಡ ಬಂತು. ಅಕ್ಕ ನಿಂತಳು, ನಿಂತಲ್ಲೇ ಗೇರ್ ಇಳಿಸಿದಳು, ಎಡಗಾಲಿನಿಂದ ಪೆಡಲ್ ಮೇಲೆ ತಂದುಕೊಂಡಳು.

ಅವಳು ಅಲ್ಲಿಯವರೆಗೆ ತುಳಿದೇ ಬಂದದ್ದನ್ನು ಅವನು ಕಣ್ಣಾರೆ ಕಂಡ; ಚೀಟಿಯ ಮೇಜಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ಅವನು, "ನಿಮ್ಮ ತಮ್ಮ ಒಳ್ಳೇದನ್ನೇ ಆರಿಸಿದಾನೆ" ಎಂದನಂತೆ.

"ಅವನು ಆರಿಸಿದ್ದು ಅಂಗಡಿ ಮೂಲೇಲಿ ಬಿದ್ದಿದೆ. ಹೋಗಿ ನೋಡಿ. ಈಗ ದಾರಿ ಬಿಡಿ" ಎಂದಳಂತೆ ಅಕ್ಕ.