ಧೂಪ ಬಂದ ಮೇಲೆ

ಮಸಾಲೆ ಡಬ್ಬಿಗಳ ಹಿಂದೆ ಒಂದು ಪೊಟ್ಟಣ ಇಟ್ಟಿದ್ದೇನೆ. ನಾವಿರುವ ಪಾಯಿಂಟ್ ಕುಕ್ ಎಂಬ ಊರಿನ ಈ ಅಡುಗೆಮನೆಯಲ್ಲಿ ಕಪಾಟು ತೆರೆದರೆ ಸಾಕು, ಜೀರಿಗೆ ಕೊತ್ತಂಬರಿಗಳನ್ನೆಲ್ಲ ಹಿಂದಕ್ಕೆ ತಳ್ಳಿ ಲುಬಾನಿನ ಪರಿಮಳ ಮೂಗಿಗೆ ಬರುತ್ತದೆ. ಲುಬಾನ್ ಅಂದರೆ ಅರಬರ ಧೂಪ, ನಮ್ಮ ಸಾಂಬ್ರಾಣಿಯ ದೊಡ್ಡಣ್ಣ ಎಂದುಕೊಳ್ಳಿ. ಕೊಟ್ಟವಳು ಹನಾನ್. ಡ್ಯಾಂಡಿನಾಂಗ್‌ನಲ್ಲಿರುವ ನಮ್ಮ ಸಣ್ಣ ಯುನಿಟ್ಟನ್ನು ರೆಂಟಿಗೆ ಕೇಳಿಕೊಂಡು ಮಕ್ಕಳ ಜೊತೆ ಬಂದಿದ್ದಳು. ಯಾವ ಊರು ಎಂದೆ. ಯೆಮನ್ ಎಂದಳು. ಯೆಮನ್‌ನಲ್ಲಿ ಎಲ್ಲಿ?

"ಅತಕ್. ನಿಮಗೆ ಗೊತ್ತಿರಲಿಕ್ಕಿಲ್ಲ."

ನನಗೆ ಗೊತ್ತಿಲ್ಲವಂತೆ! ಮದುವೆಗೆ ಮೊದಲು ಅದೇ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಹಾಗೆಂದು ಹೇಳಿದ್ದೇ ತಡ, ಅವಳು ಕೈಚೀಲದಿಂದ ಈ ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು.

ಕಳೆದ ಭಾನುವಾರ ಸಿಡ್ನಿಯಿಂದ ಗಂಡನ ಗೆಳೆಯ ಸುರೇಶ ಊಟಕ್ಕೆ ಬಂದಿದ್ದ. ಎರಡನೇ ಸಲ ಕೋಳಿ ಸಾರು ಬಡಿಸಿಕೊಳ್ಳುತ್ತಾ ಶುರುಮಾಡಿದ. "ಅಕ್ಕಾ, ಯೆಮನ್ನವ್ರಿಗಾ ಮನೆ ಕೊಡೋದು? ಸುಮ್ನೆ ರಿಸ್ಕ್ ತಗೋಬೇಡಿ. ಸ್ವಲ್ಪ ವೆಯ್ಟ್ ಮಾಡಿ, ನಮ್ಮವ್ರೇ ಸಿಗ್ತಾರೆ." ಗಂಡ ತಟ್ಟೆ ನೋಡಿಕೊಂಡು, "ಅವ ಹೇಳುವುದರಲ್ಲಿಯೂ ಪಾಯಿಂಟ್ ಉಂಟು" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಇದೇ ಸುರೇಶ ಈ ದೇಶಕ್ಕೆ ಬಂದ ಹೊಸತರಲ್ಲಿ ಯಾರೂ ಮನೆ ಕೊಡದೆ ನಮ್ಮಲ್ಲೇ ಠಿಕಾಣಿ ಹೂಡಿದ್ದ. ಹತ್ತಿದ ಏಣಿಯನ್ನು ಒದೆಯುವುದೆಂದರೆ ಇದೇ ಅಲ್ಲವೇ?

ಅತಕ್ ದೊಡ್ಡ ಊರೇನಲ್ಲ ಮಾರಾಯ್ರೆ. ಶಬ್ವಾ ಪ್ರಾಂತ್ಯದ ರಾಜಧಾನಿ ಎಂಬ ಹೆಸರೊಂದು ದೊಡ್ಡದು. ರಾಜಧಾನಿಯಲ್ಲಿ ಕೆಲಸ ಎಂದು ಕೇರಿಯಿಡೀ ಜಂಬ ಕೊಚ್ಚಿ ಹೋದವಳು ನಾನು. ಹೋಗಿ ನೋಡಿದರೆ ಧೂಳು ತುಂಬಿದ ಪೇಟೆ, ಸುತ್ತ ಬೋಳು ಗುಡ್ಡ, ಬೀದಿಯಲ್ಲಿ ಆಡುಗಳು. ನಮ್ಮ ಬಜ್ಪೆಯೇ ಅದಕ್ಕಿಂತ ಜೋರಿತ್ತು. ಅಲ್ಲಿ, ಕೊರಳಲ್ಲಿ ಶಿಲುಬೆ ಹಾಕಿಕೊಂಡ, ಗುರುತು ಪರಿಚಯವಿಲ್ಲದ ಈ ಹುಡುಗಿಗೆ ಮಹಡಿಯ ಕೋಣೆ ಬಿಟ್ಟುಕೊಟ್ಟವಳು ಉಮ್ಮು ಸಾಲಿಂ, ಅಂದರೆ ಸಾಲಿಮನ ಅಮ್ಮ. ರಿಸ್ಕ್ ಅಂತೆ ರಿಸ್ಕ್! ಅವಳು ಯಾವ ಸುರೇಶನನ್ನೂ ಕೇಳಲಿಲ್ಲ.

ಅಲ್ಲಿ ಒಂದು ಪದ್ಧತಿ. ಊಟ, ಕಾಫಿ, ಮಾತು ಎಲ್ಲ ಮುಗಿದ ಮೇಲೆ ಮನೆಯಾಕೆ ಕೆಂಡಕ್ಕೆ ಲುಬಾನ್ ಹಾಕಿ ತರುತ್ತಾಳೆ. ಹೊಗೆ ತೆಗೆದುಕೊಂಡು ಅತಿಥಿ ಎದ್ದುಬಿಡಬೇಕು. ನನಗೇನು ಗೊತ್ತು? ಮೊದಲ ದಿನ ಧೂಪ ಕಂಡದ್ದೇ, ಇಗರ್ಜಿಯಲ್ಲಿರುವ ಹಾಗೆ ಶಿಲುಬೆಯ ಗುರುತು ಹಾಕಿ ಕಣ್ಣು ಮುಚ್ಚಿ ಕೂತೆ, ಇನ್ನೇನು ಪ್ರಾರ್ಥನೆ ಶುರುವಾಗುತ್ತದೆ ಎಂದು. ಪಾಪ, ಅವಳು ಮತ್ತೊಮ್ಮೆ ತಂದಳು. ನಾನು ಇನ್ನಷ್ಟು ಭಕ್ತಿಯಿಂದ ತಲೆಬಾಗಿದೆ. ಕೊನೆಗೆ ಸೋತು, ನಗುತ್ತಾ ಹೋಗಿ ರಾತ್ರಿಯ ಅಡುಗೆಗೆ ಒಲೆ ಹಚ್ಚಿದಳು.

ಆಮೇಲೆ ಯುದ್ಧ ಬಂತು. ಗುಂಡಿನ ಸದ್ದು ಊರೊಳಗೇ ಕೇಳತೊಡಗಿದಾಗ ನರ್ಸುಗಳನ್ನು ಕರೆದೊಯ್ಯಲು ಬಾಗಿಲಿಗೆ ಜೀಪು ಬಂತು. ಪೆಟ್ಟಿಗೆ ಹಿಡಿದು ನಿಂತೆ. ಧೂಪ ಬರಲಿಲ್ಲ. ಧೂಪ ಎಲ್ಲಿ ಎಂದು ನನ್ನ ಹರಕು ಅರಬಿಯಲ್ಲಿ ಕೇಳಿಯೇಬಿಟ್ಟೆ.

"ಕೆಂಡ ಆರಿಹೋಗಿದೆ" ಎಂದಳು ಉಮ್ಮು ಸಾಲಿಂ. ಅವಳ ಬೆನ್ನ ಹಿಂದೆ ಒಲೆ ಧಗಧಗ ಉರಿಯುತ್ತಿತ್ತು.

ಅಂಥ ಊರಿನವಳಿಗೆ ಮನೆ ಕೊಡಬಾರದಂತೆ! ಆ ಭಾನುವಾರ ಊಟದ ಮೇಜಿನಿಂದ ಎದ್ದು ಹಿತ್ತಿಲಿಗೆ ಹೋದೆ. ಬಾರ್ಬೆಕ್ಯೂ ಇದ್ದಲು ಹಚ್ಚಿ, ಸಣ್ಣ ಬಾಣಲೆಗೆ ಕೆಂಡ ಹಾಕಿ, ಮೇಲೆ ಲುಬಾನ್ ಉದುರಿಸಿ ತಂದು ಸುರೇಶನ ಮುಂದೆ ಹಿಡಿದೆ. ಅವನು ಹೊಗೆಯ ಮೇಲೆ ಕೈಯಾಡಿಸಿ ಮಂಗಳಾರತಿಯಂತೆ ಕಣ್ಣಿಗೊತ್ತಿಕೊಂಡ. "ಆಹಾ, ದೇವಸ್ಥಾನದಲ್ಲಿ ಕೂತಂಗಿದೆ ಅಕ್ಕಾ" ಎನ್ನುತ್ತಾ ಇನ್ನಷ್ಟು ಒರಗಿ ಕೂತ. ಥೇಟ್ ನನ್ನ ಹಾಗೆಯೇ. ಆದರೆ ಎರಡನೇ ಸಲ ತರುವ ತಾಳ್ಮೆ ನನಗಿಲ್ಲ.

"ಇದು ಬಂದರೆ ಎದ್ದು ಹೋಗಬೇಕು ಅಂತ ಅರ್ಥ ಮಾರಾಯ. ಅತಕ್‌ನವರು ಕಲಿಸಿದ್ದು. ಇನ್ನು ಹೊರಡು."

"ಎಂಥದು ನಿನ್ನದು!" ಎಂದರು ಗಂಡ.

"ಹೊಗೆ ನಿಮಗೂ ಬೇಕಾ?" ಎಂದೆ. ಬೇಡವೆಂದರು. ಸುರೇಶ ಮೊಸರನ್ನಕ್ಕೂ ಕಾಯದೆ ಹೋದ.

ನಿನ್ನೆ ಹನಾನ್ ಮಕ್ಕಳೊಂದಿಗೆ ಕೀ ತೆಗೆದುಕೊಳ್ಳಲು ಬಂದಳು. ಚಹಾ ಮುಗಿದ ಮೇಲೆ ಕೈಚೀಲ ಹೆಗಲಿಗೇರಿಸಿ ಒಮ್ಮೆ ನನ್ನನ್ನು, ಒಮ್ಮೆ ಅಡುಗೆಮನೆಯನ್ನು ನೋಡಿದಳು. ಧೂಪಕ್ಕೆ ಕಾಯುತ್ತಿದ್ದಳು. ಸುರೇಶನ ಮೇಲಿನ ಸಿಟ್ಟು ನನಗಿನ್ನೂ ಇಳಿದಿರಲಿಲ್ಲ.

"ಕೆಂಡ ಆರಿಹೋಗಿದೆ" ಎಂದೆ, ಅದೇ ಹರಕು ಅರಬಿಯಲ್ಲಿ.

ಅವಳು ಸ್ಟವ್ ಕಡೆ ನೋಡಿದಳು. ಅದರ ಮೇಲೆ ಅನ್ನ ಕುದಿಯುತ್ತಿತ್ತು. ಕೈಚೀಲ ಕೆಳಗಿಟ್ಟು, ಮಕ್ಕಳನ್ನೂ ಕರೆದು ಕೂರಿಸಿಕೊಂಡು, ಮತ್ತೆ ಕೂತಳು.